ಆಟದ ಬಯಲಿನಿಂದ ನ್ಯಾಯಪೀಠಕ್ಕೆ

"ಆಟ ಮೇಲೋ, ಪಾಠ ಮೇಲೋ?" ಇದು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ತಲೆಯೆತ್ತುವ ವಿಷಯ. ಪಾಠದ ಪಕ್ಷದವರು ಆಟಗಾರರನ್ನು ಸೋಮಾರಿಗಳೆಂದು ಜರಿಯುವುದು, ಆಟದ ಪಕ್ಷದವರು ಓದುವವರನ್ನು ಪುಸ್ತಕದ ಹುಳುಗಳೆಂದು ಹಂಗಿಸುವುದು, ಕೊನೆಗೆ ಅಧ್ಯಕ್ಷರು "ಎರಡೂ ಬೇಕು" ಎಂದು ತೀರ್ಪು ಕೊಡುವುದು, ಎಲ್ಲರೂ ಚಹಾ ಕುಡಿದು ಮನೆಗೆ ಹೋಗುವುದು, ಇದು ವಾಡಿಕೆ. ಈ ವರ್ಷ ಆಟದ ಪಕ್ಷದಲ್ಲಿ ನಿಂತು ಮಾತನಾಡಿದವನು ನಾನು. ಸೋತವನೂ ನಾನೇ. "ಆಟವಾಡುತ್ತಲೇ ವಿದ್ಯೆಯಲ್ಲೂ ಮೇಲೆ ಬಂದ ಒಬ್ಬನ ಹೆಸರನ್ನಾದರೂ ಹೇಳಿ" ಎಂದು ಎದುರು ಪಕ್ಷದ ಸಹೋದರಿ ಕೇಳಿದಾಗ ನನ್ನ ಬಾಯಿಂದ ಒಂದು ಹೆಸರೂ ಹೊರಡಲಿಲ್ಲ.

ಸಭೆಯಲ್ಲಿ ಸೋತದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಆದರೆ ಅದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲೂ ನಾನು ಎದುರಿಸಿದ್ದೇನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಪ್ರವೇಶದ ಅರ್ಜಿಗೆ ನಮ್ಮಪ್ಪ ಹಾಕಿದ್ದು ರುಜುವಲ್ಲ, ಹೆಬ್ಬೆಟ್ಟಿನ ಗುರುತು. ಕಳೆದ ವರ್ಷ ಕಬಡ್ಡಿ ಪಂದ್ಯದಲ್ಲಿ ಗೆದ್ದ ಫಲಕವನ್ನು ಊರಿಗೆ ಕೊಂಡೊಯ್ದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಿಂದ ಏನಪ್ಪಾ ಬರ್ತದೆ?" ಎಂದರು. ಬಿ.ಎ. ಸೇರಿದಾಗಲೂ ಅವರು ಕೇಳಿದ್ದು ಇದೇ ಮಾತು. ಎರಡಕ್ಕೂ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ.

ಚರ್ಚೆಯ ನಂತರ ಹಟ ಹಿಡಿದು ಹುಡುಕಿ ಓದುತ್ತ ಹೋದಾಗ ದೊರೆತ ಹೆಸರು ಅಲನ್ ಪೇಜ್. ಅವರು ಹದಿನೈದು ವರ್ಷ ವೃತ್ತಿಯಾಗಿ ಫುಟ್‌ಬಾಲ್ ಆಡಿದ ಅಮೆರಿಕದ ರಕ್ಷಣಾ ಆಟಗಾರರು. ತರುವಾಯ ಇಪ್ಪತ್ತೆರಡು ವರ್ಷಕ್ಕೂ ಮೇಲ್ಪಟ್ಟು ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು. ಅವರ ಬದುಕನ್ನು ಸಹಪಾಠಿ ಮಿತ್ರರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಆಟದ ಸ್ವರೂಪ

ಮೊದಲು ಆಟವನ್ನು ಕುರಿತು ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೂ ನಾವು ಆಡುವ ಕಾಲ್ಚೆಂಡಿಗೂ ಹೆಸರಿನ ಹೊರತು ಹೆಚ್ಚು ಸಂಬಂಧವಿಲ್ಲ. ಅಲ್ಲಿ ಚೆಂಡು ಗುಂಡಾಗಿಲ್ಲ. ಎರಡು ತುದಿಯಲ್ಲೂ ಚೂಪಾಗಿರುತ್ತದೆ. ಅದನ್ನು ಕಾಲಿನಿಂದ ಒದೆಯುವುದು ಅಪರೂಪ. ಬಹುಪಾಲು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಬಯಲಿನ ಉದ್ದ ೧೦೦ ಗಜ. ಪ್ರತಿ ಪಕ್ಷದಲ್ಲಿ ಹನ್ನೊಂದು ಮಂದಿ. ಆಟದ ಕಾಲ ೬೦ ನಿಮಿಷ. ಅದನ್ನು ನಾಲ್ಕು ಪಾಲು ಮಾಡಿರುತ್ತಾರೆ.

ಚೆಂಡು ಹಿಡಿದಿರುವ ಪಕ್ಷಕ್ಕೆ ನಾಲ್ಕು ಅವಕಾಶಗಳು. ಆ ನಾಲ್ಕರೊಳಗೆ ಅದು ಕನಿಷ್ಠ ಹತ್ತು ಗಜವಾದರೂ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ ದೊರೆಯುತ್ತದೆ. ಇಲ್ಲವಾದರೆ ಚೆಂಡು ಎದುರು ಪಕ್ಷದ ಪಾಲು. ಹೀಗೆ ಹತ್ತು ಹತ್ತು ಗಜಗಳಾಗಿ ನೆಲವನ್ನು ಗೆಲ್ಲುತ್ತ ಹೋಗಿ ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ. ನಮ್ಮ ಊರುಗಳಲ್ಲಿ ಬದುವಿಗಾಗಿ ನಡೆಯುವ ಜಗಳವನ್ನು ಕಂಡವರಿಗೆ ಈ ಆಟದ ಮರ್ಮ ಬೇಗ ತಿಳಿಯುತ್ತದೆ. ಒಂದು ಗೇಣು ನೆಲವನ್ನೂ ಸುಮ್ಮನೆ ಬಿಟ್ಟುಕೊಡುವಂತಿಲ್ಲ.

ವೃತ್ತಿತಂಡಗಳಲ್ಲಿ ಆಕ್ರಮಣ ಮಾಡುವ ಹನ್ನೊಂದು ಜನರೇ ಬೇರೆ, ರಕ್ಷಣೆಗೆ ನಿಲ್ಲುವ ಹನ್ನೊಂದು ಜನರೇ ಬೇರೆ. ಆಕ್ರಮಣದ ನಾಯಕನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಮೊದಲು ಬರುವುದು ಅವನ ಕೈಗೆ. ಅದನ್ನು ಯಾರಿಗೆ ಕೊಡಬೇಕು, ಎತ್ತ ಎಸೆಯಬೇಕು ಎಂಬುದು ಅವನ ಹೊಣೆ. ಅವನನ್ನು ಕಾಯಲು ಮುಂದೆ ಐದು ಜನ ದೈತ್ಯದೇಹಿಗಳು ಗೋಡೆಯಂತೆ ನಿಂತಿರುತ್ತಾರೆ. ಆ ಗೋಡೆಯನ್ನು ಒಡೆದು ಒಳನುಗ್ಗಿ, ಚೆಂಡು ಕೈಬಿಡುವ ಮುನ್ನವೇ ಅವನನ್ನು ನೆಲಕ್ಕೆ ಕೆಡವುವುದು ರಕ್ಷಣಾ ಪಂಕ್ತಿಯವರ ಕೆಲಸ. ಹಾಗೆ ಕೆಡವಿದಾಗ ಎದುರು ಪಕ್ಷ ಮುಂದೆ ಹೋಗುವುದಿರಲಿ, ಇದ್ದ ನೆಲವನ್ನೂ ಕಳೆದುಕೊಳ್ಳುತ್ತದೆ. ಈ ಪಂಕ್ತಿಯ ನಡುವೆ ನಿಲ್ಲುವವನಿಗೆ ಡಿಫೆನ್ಸಿವ್ ಟ್ಯಾಕಲ್ ಎಂದು ಹೆಸರು. ಪೇಜ್ ಅವರ ಸ್ಥಾನ ಅದು.

ಕಬಡ್ಡಿಯಲ್ಲಿ ಹಿಡಿಯುವವರ ಸಾಲಿನಲ್ಲಿ ನಿಂತವರಿಗೆ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನರ ಕಣ್ಣು ಯಾವಾಗಲೂ ರೈಡರ್ ಮೇಲೆ. ಅವನು ಮುಟ್ಟಿ ಬಂದರೆ ಚಪ್ಪಾಳೆ. ಅವನ ಕಾಲನ್ನು ಬಿಡದೆ ಹಿಡಿದವನ ಮೊಣಕೈ ತರಚಿದ್ದನ್ನು ನೋಡುವವರಿಲ್ಲ. ಅಮೆರಿಕದಲ್ಲಿಯೂ ಹಾಗೆಯೇ. ಪತ್ರಿಕೆಯ ಮೊದಲ ಪುಟ ಚೆಂಡು ಎಸೆಯುವವನಿಗೆ, ಹಿಡಿದು ಓಡುವವನಿಗೆ ಮೀಸಲು. ಇಂಥ ಸ್ಥಾನದಲ್ಲಿದ್ದು ಪೇಜ್ ಪಡೆದ ಕೀರ್ತಿಯ ಬೆಲೆ ತಿಳಿಯಬೇಕಾದರೆ ಈ ಹಿನ್ನೆಲೆ ಅಗತ್ಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅಲನ್ ಪೇಜ್ ಹುಟ್ಟಿದ್ದು ೧೯೪೫ರ ಆಗಸ್ಟ್ ೭ರಂದು, ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ಕಪ್ಪು ಜನರ ಮಕ್ಕಳ ಪಾಲಿಗೆ ಹೆಚ್ಚಾಗಿ ಕಾದಿರುತ್ತಿದ್ದುದು ಕಾರ್ಖಾನೆಯ ಕುಲುಮೆಯ ಕೆಲಸ. ಆ ಕೆಲಸ ಕೊಳಕು, ಅಪಾಯದ್ದು, ದಿನವೂ ಒಂದೇ ತೆರ ಎಂದು ಬಾಲಕನಿಗೆ ಮೊದಲೇ ಅನ್ನಿಸಿತ್ತಂತೆ. ಅವನಿಗೆ ಹದಿಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು.

೧೯೫೪ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬ್ರೌನ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಸರಕಾರಿ ಶಾಲೆಗಳನ್ನಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಈ ತೀರ್ಪಿನ ಹೆಸರನ್ನು ಕೇಳಿದ್ದೇವೆ. ಪರೀಕ್ಷೆಗಾಗಿ ಬರೆದೂ ಇದ್ದೇವೆ. ಒಂಬತ್ತು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿದ್ದ ಅಲನ್‌ಗೆ ಅದು ಪರೀಕ್ಷೆಯ ವಿಷಯವಾಗಿರಲಿಲ್ಲ; ತನ್ನಂಥವರ ಬದುಕಿನ ಮಾತಾಗಿತ್ತು. ಕಾನೂನೆಂಬುದು ಜನರ ಬಾಳನ್ನು ಬದಲಿಸಬಲ್ಲದು ಎಂಬ ಎಣಿಕೆ ಅವನ ಮನಸ್ಸಿನಲ್ಲಿ ಬೇರೂರಿತು. ದೂರದರ್ಶನದಲ್ಲಿ ಬರುತ್ತಿದ್ದ ಪೆರಿ ಮೇಸನ್ ಎಂಬ ವಕೀಲನ ಕಥೆಗಳೂ ಆ ಆಸೆಗೆ ನೀರೆರೆದವು. ಅಂದರೆ ಹುಡುಗ ಮೊದಲು ಕಂಡ ಕನಸು ವಕೀಲಿಯದು; ಫುಟ್‌ಬಾಲ್ ಬಂದದ್ದು ಆಮೇಲೆ.

ಇಲ್ಲೊಂದು ಸ್ವಾರಸ್ಯದ ಸಂಗತಿಯಿದೆ. ವೃತ್ತಿಪರ ಫುಟ್‌ಬಾಲಿನ ಶ್ರೇಷ್ಠ ಆಟಗಾರರ ನೆನಪಿಗಾಗಿ ಕಟ್ಟಿದ ಕೀರ್ತಿಮಂದಿರ ಇರುವುದೂ ಇದೇ ಕ್ಯಾಂಟನ್ ಪಟ್ಟಣದಲ್ಲಿ. ಅದರ ಬಾಗಿಲು ತೆರೆದದ್ದು ೧೯೬೩ರಲ್ಲಿ. ಅದರ ಕಟ್ಟಡದ ಕೆಲಸದಲ್ಲಿ ಕೂಲಿ ಮಾಡಿದವರಲ್ಲಿ ಪ್ರೌಢಶಾಲೆ ಮುಗಿಸುತ್ತಿದ್ದ ಅಲನ್ ಪೇಜ್ ಎಂಬ ಹುಡುಗನೂ ಒಬ್ಬ. ಇಪ್ಪತ್ತೈದು ವರ್ಷಗಳ ನಂತರ, ೧೯೮೮ರಲ್ಲಿ, ಅದೇ ಮಂದಿರದೊಳಗೆ ಅವನ ಪ್ರತಿಮೆಯನ್ನಿಟ್ಟರು. ತಾನು ಹೊತ್ತ ಕಲ್ಲುಮಣ್ಣಿನ ಮನೆಯೊಳಗೆ ತಾನೇ ಪೂಜ್ಯನಾಗುವ ಭಾಗ್ಯ ಎಷ್ಟು ಕೂಲಿಕಾರರಿಗೆ ಬಂದೀತು?

ಪ್ರೌಢಶಾಲೆಯ ಬಳಿಕ ಪೇಜ್ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿನ ತಂಡ ೧೯೬೬ರಲ್ಲಿ ರಾಷ್ಟ್ರದ ಅಗ್ರ ತಂಡವೆನಿಸಿತು. ಆ ವರ್ಷ ಮಿಷಿಗನ್ ಸ್ಟೇಟ್ ತಂಡದೊಡನೆ ೧೦–೧೦ ಅಂಕಗಳಲ್ಲಿ ಸಮನಾಗಿ ಮುಗಿದ ಪಂದ್ಯವನ್ನು ಅಲ್ಲಿಯವರು ಇಂದಿಗೂ ಚರ್ಚಿಸುತ್ತಾರೆ. ೧೯೬೭ರಲ್ಲಿ ಪೇಜ್ ಪದವೀಧರರಾದರು. ಅವರ ವಿಷಯ ರಾಜ್ಯಶಾಸ್ತ್ರ. ಕಲಾ ಕಾಲೇಜಿನ ನಾವು ಇದನ್ನು ಕೊಂಚ ಹೆಮ್ಮೆಯಿಂದಲೇ ಗಮನಿಸಬಹುದು!

ಹದಿನೈದು ವರ್ಷದ ಆಟ

ಅದೇ ವರ್ಷ ಮಿನ್ನೆಸೋಟ ವೈಕಿಂಗ್ಸ್ ಎಂಬ ವೃತ್ತಿತಂಡ ಅವರನ್ನು ಮೊದಲ ಸುತ್ತಿನಲ್ಲಿ, ಹದಿನೈದನೆಯವರಾಗಿ, ಆರಿಸಿಕೊಂಡಿತು. ಮಿನ್ನೆಸೋಟ ಅಮೆರಿಕದ ಉತ್ತರದ ಅಂಚಿನ ರಾಜ್ಯ. ಚಳಿಗಾಲದಲ್ಲಿ ನೀರು ಕಲ್ಲಾಗುವ ಸೀಮೆ. ವೈಕಿಂಗ್ಸ್ ತಂಡದ ಬಯಲಿಗೆ ಆಗ ಮೇಲ್ಛಾವಣಿಯಿರಲಿಲ್ಲ. ಪೇಜ್ ಬಂದ ವರ್ಷವೇ ತರಬೇತಿಗೆ ಬಂದ ಬಡ್ ಗ್ರಾಂಟ್, ತಮ್ಮ ಆಟಗಾರರು ಬಯಲಂಚಿನಲ್ಲಿ ಬೆಂಕಿ ಕಾಯಿಸಿಕೊಳ್ಳುವುದನ್ನೂ ಒಪ್ಪದ ಶಿಸ್ತಿನ ಮನುಷ್ಯ. ಎದುರು ತಂಡದವರು ಶಾಖಯಂತ್ರದ ಮುಂದೆ ಮುದುಡಿ ಕುಳಿತರೆ ವೈಕಿಂಗ್ಸ್ ಆಟಗಾರರು ಹಿಮದಲ್ಲಿ ನಿಂತೇ ಇರುತ್ತಿದ್ದರು.

ಕಾರ್ಲ್ ಎಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್ ಮತ್ತು ಅಲನ್ ಪೇಜ್, ಈ ನಾಲ್ವರ ರಕ್ಷಣಾ ಪಂಕ್ತಿಗೆ ಜನ "ನೇರಳೆ ನರಭಕ್ಷಕರು" ಎಂಬ ಅರ್ಥದ ಅಡ್ಡಹೆಸರಿಟ್ಟರು. ತಂಡದ ಅಂಗಿಯ ಬಣ್ಣ ನೇರಳೆ. ಇವರಲ್ಲಿ ಮಾರ್ಷಲ್ ೧೯೬೪ರಲ್ಲಿ, ಪೇಜ್ ಬರುವುದಕ್ಕೆ ಮುನ್ನ, ಬಿದ್ದ ಚೆಂಡನ್ನೆತ್ತಿಕೊಂಡು ೬೬ ಗಜ ತಪ್ಪು ದಿಕ್ಕಿಗೆ ಓಡಿ ಎದುರು ಪಕ್ಷಕ್ಕೇ ಅಂಕ ತಂದುಕೊಟ್ಟ ಪುಣ್ಯಾತ್ಮ! ಅಂಥ ಎಡವಟ್ಟಿನ ನಂತರವೂ ಹದಿನೈದು ವರ್ಷ ಆಡಿ ಎಲ್ಲರ ಗೌರವ ಗಳಿಸಿದ. ಒಂದು ತಪ್ಪಿಗೆ ಎದೆಗುಂದುವ ನಮ್ಮಂಥವರಿಗೆ ಅವನ ಕಥೆಯೇ ಇನ್ನೊಂದು ಪಾಠ.

೧೯೬೯ರ ಋತುವಿನಲ್ಲಿ ಈ ತಂಡ ಹದಿನಾಲ್ಕು ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು ೧೩೩ ಅಂಕ ಮಾತ್ರ. ಪಂದ್ಯವೊಂದಕ್ಕೆ ಹತ್ತು ಅಂಕವೂ ಬೀಳಲಿಲ್ಲ. ಪೇಜ್ ೬ ಅಡಿ ೪ ಅಂಗುಲ ಎತ್ತರ, ಸುಮಾರು ೨೪೫ ಪೌಂಡು ತೂಕ. ನಮ್ಮ ಕಣ್ಣಿಗೆ ಭೀಮನಂತೆ ಕಂಡರೂ ಆ ಸ್ಥಾನದವರಲ್ಲಿ ಅವರು ಹಗುರದವರೇ. ಅವರ ಬಲವೆಲ್ಲ ವೇಗದಲ್ಲಿತ್ತು. ಚೆಂಡು ಕದಲಿದ ಕ್ಷಣವೇ ಅವರೂ ಕದಲುತ್ತಿದ್ದರು. ಎದುರಿನ ದಾಂಡಿಗ ಕಾಲೂರಿ ನಿಲ್ಲುವುದರೊಳಗೆ ಪಕ್ಕದಿಂದ ನುಸುಳಿ ಹಿಂದೆ ಹೋಗಿರುತ್ತಿದ್ದರು. ತೂಕದಿಂದ ತಳ್ಳುವವರ ನಡುವೆ ವೇಗದಿಂದ ದಾಟುವುದನ್ನು ತೋರಿಸಿದ್ದು ಅವರ ಹೆಚ್ಚುಗಾರಿಕೆ.

ಅದರ ಫಲ ೧೯೭೧ರಲ್ಲಿ ಕಂಡಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ವೃತ್ತಿಕೂಟದ ಅತ್ಯಂತ ಬೆಲೆಯುಳ್ಳ ಆಟಗಾರನೆಂದು ವರ್ಷಕ್ಕೊಬ್ಬನನ್ನು ಗೌರವಿಸುತ್ತದೆ. ಅದುವರೆಗೆ ರಕ್ಷಣಾ ಆಟಗಾರರಿಗೆ ದೊರೆಯದಿದ್ದ ಆ ಗೌರವ ಮೊದಲ ಬಾರಿಗೆ ಪೇಜ್ ಪಾಲಾಯಿತು. ಆ ಬಳಿಕ ಅದನ್ನು ಪಡೆದ ರಕ್ಷಣಾ ಆಟಗಾರ ೧೯೮೬ರ ಲಾರೆನ್ಸ್ ಟೇಲರ್ ಒಬ್ಬನೇ. ಇದರಿಂದ ಆ ಪ್ರಶಸ್ತಿಯ ವಿರಳತೆ ತಿಳಿಯುತ್ತದೆ.

ಗೆಲುವನ್ನಷ್ಟೇ ಹೇಳಿ ಸೋಲನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗದು. ವೃತ್ತಿಕೂಟದ ಅಂತಿಮ ಪಂದ್ಯಕ್ಕೆ ಸೂಪರ್ ಬೌಲ್ ಎಂದು ಹೆಸರು. ಪೇಜ್ ಇದ್ದ ವೈಕಿಂಗ್ಸ್ ತಂಡ ನಾಲ್ಕು ಬಾರಿ ಆ ಪಂದ್ಯಕ್ಕೆ ಹೋಯಿತು. ನಾಲ್ಕು ಬಾರಿಯೂ ಸೋತಿತು. ೧೯೭೦ರಲ್ಲಿ ಕ್ಯಾನ್ಸಸ್ ಸಿಟಿಯ ಎದುರು ೨೩–೭, ೧೯೭೪ರಲ್ಲಿ ಮಯಾಮಿಯ ಎದುರು ೨೪–೭, ೧೯೭೫ರಲ್ಲಿ ಪಿಟ್ಸ್‌ಬರ್ಗ್ ಎದುರು ೧೬–೬, ೧೯೭೭ರಲ್ಲಿ ಓಕ್ಲೆಂಡ್ ಎದುರು ೩೨–೧೪. ಮನೆಯ ಹೊಸ್ತಿಲವರೆಗೆ ಬಂದು ಲಕ್ಷ್ಮಿ ನಾಲ್ಕು ಸಲ ಹಿಂದಿರುಗಿದಂತೆ. ಆಟದಲ್ಲೇ ತನ್ನ ಬಾಳೆಲ್ಲವನ್ನೂ ಇಟ್ಟವನಾದರೆ ಈ ನಾಲ್ಕು ಸೋಲು ಅವನನ್ನು ಮುರಿಯಲು ಸಾಕಾಗಿತ್ತು. ಪೇಜ್ ಅವರ ಬದುಕಿನ ಇನ್ನೊಂದು ಕಂಬ ಬೇರೆಡೆ ಏಳುತ್ತಿತ್ತು.

ಪುಸ್ತಕವೂ ಓಟವೂ

ವೃತ್ತಿಗೆ ಬಂದ ಹೊಸತರಲ್ಲಿಯೇ ಪೇಜ್ ಒಂದು ಕಾನೂನು ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟುಬಿಟ್ಟಿದ್ದರು. ಅದು ತಲೆಗೆ ಹತ್ತಲಿಲ್ಲ. ಇದನ್ನು ಅವರು ಮುಚ್ಚಿಟ್ಟವರಲ್ಲ. ಆಮೇಲೆ, ದೇಶದ ಅತಿ ಪ್ರಸಿದ್ಧ ಆಟಗಾರರಲ್ಲೊಬ್ಬರಾದ ಮೇಲೆ, ಮತ್ತೆ ವಿದ್ಯಾರ್ಥಿಯಾಗಿ ಮಿನ್ನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಬೆಂಚಿನ ಮೇಲೆ ಕುಳಿತರು. ಭಾನುವಾರ ಸಹಸ್ರಾರು ಜನರೆದುರು ಆಟ. ವಾರದ ದಿನಗಳಲ್ಲಿ ಅಭ್ಯಾಸ, ಜೊತೆಗೆ ಪಾಠ. ೧೯೭೮ರಲ್ಲಿ, ಇನ್ನೂ ಆಡುತ್ತಿರುವಾಗಲೇ, ಕಾನೂನು ಪದವಿ ಪಡೆದರು. ಕಬಡ್ಡಿಯ ನೆಪ ಹೇಳಿ ಹಾಜರಿ ಕಳೆದುಕೊಂಡ ನಾನು ಈ ವಾಕ್ಯವನ್ನು ಬರೆಯುವಾಗ ತಲೆ ತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ.

ಕಾನೂನಿನ ಒಲವು ಆಟದ ಬಯಲಿನಲ್ಲೂ ಕೆಲಸ ಮಾಡಿತು. ಪೇಜ್ ಆಟಗಾರರ ಸಂಘದಲ್ಲಿ ತಮ್ಮ ತಂಡದ ಪ್ರತಿನಿಧಿಯಾಗಿದ್ದರು. ಆಗ ಒಂದು ವಿಚಿತ್ರ ನಿಯಮವಿತ್ತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋಗಬಹುದು. ಆದರೆ ಅವನನ್ನು ತೆಗೆದುಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಎರಡು ತಂಡಗಳು ಒಪ್ಪದಿದ್ದರೆ ಆ ಪರಿಹಾರವೆಷ್ಟೆಂದು ಕೂಟದ ಮುಖ್ಯಸ್ಥರೇ ಗೊತ್ತುಮಾಡುವರು. ಎಷ್ಟು ತೆರಬೇಕಾದೀತೋ ಎಂಬ ಭಯದಿಂದ ಯಾವ ತಂಡವೂ ಮುಂದೆ ಬರುತ್ತಿರಲಿಲ್ಲ. ಹೆಸರಿಗೆ ಸ್ವಾತಂತ್ರ್ಯ, ನಡೆಯಲ್ಲಿ ಜೀತ. ಮಾಕಿ ಎಂಬ ಆಟಗಾರನ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ ೧೯೭೬ರಲ್ಲಿ ಮೇಲಿನ ನ್ಯಾಯಾಲಯವೂ ಆ ನಿಯಮವನ್ನು ಕಾನೂನಿಗೆ ವಿರುದ್ಧವೆಂದಿತು. ಆ ವ್ಯಾಜ್ಯದ ಮೊದಲ ವಿಚಾರಣೆ ನಡೆದದ್ದು ಪೇಜ್ ಅವರ ಊರಾದ ಮಿನ್ನಿಯಾಪೊಲಿಸ್‌ನಲ್ಲೇ. ದೇಹ ಗಟ್ಟಿಯಿದ್ದರೆ ಸಾಲದು, ಕರಾರಿನ ಕಾಗದವನ್ನು ಓದಿ ತಿಳಿಯುವ ಬುದ್ಧಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ದಿನಗಳದೇ ಒಂದು ಪ್ರಸಂಗವನ್ನು ಪೇಜ್ ನೆನೆಯುತ್ತಾರೆ. ಪ್ರತಿ ತಂಡಕ್ಕೂ ವ್ಯೂಹಗಳನ್ನು ಬರೆದಿಟ್ಟ ಒಂದು ಪುಸ್ತಕವಿರುತ್ತದೆ. ಒಮ್ಮೆ ತರಬೇತುದಾರರು ರಕ್ಷಣಾ ಪಂಕ್ತಿಯವರನ್ನು ಕೂರಿಸಿ, ಆ ಪುಸ್ತಕವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಲು ಹೇಳಿದರು. ಕೆಲವರು ತಡವರಿಸಿದರು, ಕೆಲವರಿಗೆ ಓದಲೇ ಬರಲಿಲ್ಲ. ಇವರೆಲ್ಲ ಕಾಲೇಜುಗಳಲ್ಲಿ ವರ್ಷಗಟ್ಟಲೆ ಆಡಿ ಬಂದವರು! ಆಟ ಚೆನ್ನಾಗಿದೆಯೆಂದು ತರಗತಿಯಿಂದ ತರಗತಿಗೆ ದಾಟಿಸುತ್ತ ಬಂದ ಶಾಲೆಗಳು ಅಕ್ಷರವನ್ನು ಕಲಿಸಲು ಮರೆತಿದ್ದವು. ಜೊತೆಗಾರರ ಆ ಮೌನ ಪೇಜ್ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಇದನ್ನು ಓದಿದ ರಾತ್ರಿ ನನಗೆ ನಮ್ಮಪ್ಪನ ಹೆಬ್ಬೆಟ್ಟು ನೆನಪಾಯಿತು. ನಮ್ಮಪ್ಪನನ್ನು ಶಾಲೆಗೆ ಕಳಿಸಿದವರೇ ಇರಲಿಲ್ಲ; ಆ ಆಟಗಾರರನ್ನು ಶಾಲೆಗೆ ಕಳಿಸಿಯೂ ಕಲಿಸಲಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಅನ್ಯಾಯವೆಂದು ನನ್ನ ಭಾವನೆ.

ಇತ್ತ ಪೇಜ್ ಅವರ ಪತ್ನಿ ಡಯಾನ್ ಸಿಗರೇಟು ಬಿಡುವ ಸಲುವಾಗಿ ಓಟವನ್ನು ಹಿಡಿದರು. ಜೊತೆಗೆ ಪೇಜ್ ಕೂಡ ಓಡತೊಡಗಿದರು. ಓಟ ಅವರನ್ನು ಬಿಡಲಿಲ್ಲ. ೧೯೭೯ರಲ್ಲಿ ಅವರು ೨೬ ಮೈಲಿಗೂ ಮೀರಿದ ಮ್ಯಾರಥಾನ್ ಓಟವನ್ನು ಮುಗಿಸಿದರು. ಇನ್ನೂ ಆಡುತ್ತಿದ್ದ ವೃತ್ತಿ ಫುಟ್‌ಬಾಲ್ ಆಟಗಾರರಲ್ಲಿ ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಆದರೆ ಅದಕ್ಕೆ ಮೊದಲೇ ಓಟದಿಂದ ತೂಕ ಸುಮಾರು ೨೨೫ ಪೌಂಡಿಗೆ ಇಳಿದಿತ್ತು. ಇಷ್ಟು ಹಗುರಾದವನು ಪಂಕ್ತಿಯ ನಡುವೆ ನಿಲ್ಲಲಾರನೆಂದು ೧೯೭೮ರ ಅಕ್ಟೋಬರಿನಲ್ಲಿ ವೈಕಿಂಗ್ಸ್ ತಂಡ ಅವರನ್ನು ಕೈಬಿಟ್ಟಿತು. ಷಿಕಾಗೋ ಬೇರ್ಸ್ ತಂಡ ನಿಯಮದಂತೆ ಕೇವಲ ೧೦೦ ಡಾಲರ್ ಶುಲ್ಕ ತೆತ್ತು ಅವರನ್ನು ಪಡೆಯಿತು. ಏಳು ವರ್ಷದ ಹಿಂದೆ ದೇಶಕ್ಕೇ ಅತ್ಯಂತ ಬೆಲೆಯುಳ್ಳವನೆನಿಸಿದ ಆಟಗಾರನ ಬೆಲೆ ನೂರು ಡಾಲರಿಗೆ ಇಳಿದಿತ್ತು! ಪೇಜ್ ಷಿಕಾಗೋ ಪರವಾಗಿ ೧೯೮೧ರವರೆಗೆ ಆಡಿ, ಮೂವತ್ತಾರನೆಯ ವಯಸ್ಸಿನಲ್ಲಿ ನಿವೃತ್ತರಾದರು. ಎಡೆಬಿಡದೆ ೨೧೮ ಪಂದ್ಯಗಳನ್ನು ಅವರು ಆಡಿದ್ದರು. ಮುರಿತ, ಉಳುಕು, ಗಾಯಗಳೇ ನಿತ್ಯವಾಗಿರುವ ಆಟದಲ್ಲಿ ಒಂದು ಪಂದ್ಯವನ್ನೂ ತಪ್ಪಿಸದ ಈ ಶಿಸ್ತು ಅಸಾಧಾರಣ.

ನ್ಯಾಯಪೀಠ

ಆಡುತ್ತಿದ್ದಾಗಲೇ ವಕೀಲಿ ಆರಂಭಿಸಿದ್ದ ಪೇಜ್ ನಂತರ ೧೯೮೫ರಿಂದ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ ಮಾಡಿದರು. ಅವರ ಮನಸ್ಸು ನ್ಯಾಯಾಧೀಶ ಸ್ಥಾನದ ಮೇಲಿತ್ತು. ನಮ್ಮಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ನೇಮಿಸುತ್ತಾರೆ. ಮಿನ್ನೆಸೋಟದಲ್ಲಿ ಸಂವಿಧಾನದ ಪ್ರಕಾರ ನ್ಯಾಯಾಧೀಶರನ್ನು ಜನರೇ ಚುನಾಯಿಸಬೇಕು. ಆದರೆ ಅವಧಿಯ ನಡುವೆ ಸ್ಥಾನ ತೆರವಾದರೆ ಗವರ್ನರು ನೇಮಕ ಮಾಡಬಹುದಾದ್ದರಿಂದ, ನಿಜವಾದ ಚುನಾವಣೆಯ ಅವಕಾಶ ಅಪರೂಪವಾಗಿತ್ತು. ೧೯೯೨ರಲ್ಲಿ ಚುನಾವಣೆಗೆ ಬರಬೇಕಾಗಿದ್ದ ಒಂದು ಸ್ಥಾನದ ನ್ಯಾಯಾಧೀಶರ ಅವಧಿಯನ್ನು ಗವರ್ನರು ವಿಸ್ತರಿಸಿಬಿಟ್ಟರು. ಸ್ಪರ್ಧಿಸಲು ಸಿದ್ಧರಾಗಿದ್ದ ಪೇಜ್ ಸುಮ್ಮನಿರಲಿಲ್ಲ. ಗವರ್ನರ ಮೇಲೆಯೇ ದಾವೆ ಹೂಡಿದರು. ವಿಷಯ ತಮ್ಮ ನ್ಯಾಯಾಲಯಕ್ಕೇ ಸಂಬಂಧಿಸಿದ್ದರಿಂದ ಹಾಲಿ ನ್ಯಾಯಾಧೀಶರು ಹಿಂದೆ ಸರಿದು, ಬೇರೆಯವರ ವಿಶೇಷ ಪೀಠ ವಿಚಾರಣೆ ನಡೆಸಿತು. ತೀರ್ಪು ಪೇಜ್ ಪರವಾಗಿ ಬಂತು. ಚುನಾವಣೆ ನಡೆಯಿತು, ಪೇಜ್ ಗೆದ್ದರು.

೧೯೯೩ರ ಜನವರಿಯಲ್ಲಿ ಅವರು ಪ್ರಮಾಣ ಸ್ವೀಕರಿಸಿದಾಗ, ಏಳು ಜನರ ಆ ನ್ಯಾಯಾಲಯದಲ್ಲಿ ಕುಳಿತ ಮೊತ್ತಮೊದಲ ಕಪ್ಪು ಜನಾಂಗದ ನ್ಯಾಯಾಧೀಶರಾದರು. ೧೯೯೮, ೨೦೦೪, ೨೦೧೦ ಹೀಗೆ ಮೂರು ಸಲ ಜನ ಅವರನ್ನೇ ಮತ್ತೆ ಆರಿಸಿದರು. ಎಪ್ಪತ್ತು ವರ್ಷಕ್ಕೆ ಕಡ್ಡಾಯ ನಿವೃತ್ತಿಯಿರುವುದರಿಂದ ೨೦೧೫ರ ಆಗಸ್ಟಿನಲ್ಲಿ ಪೀಠವನ್ನು ಬಿಟ್ಟರು. ೨೦೧೮ರಲ್ಲಿ ಅಮೆರಿಕದ ಪೌರರಿಗೆ ಸಲ್ಲುವ ಅತ್ಯುನ್ನತ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ದೊರೆಯಿತು. ಅದಕ್ಕಿಂತ ಒಂದು ವರ್ಷ ಮುಂಚೆ ಮಿನ್ನಿಯಾಪೊಲಿಸ್‌ನ ಶಾಲೆಯೊಂದರ ಮಕ್ಕಳೇ ಮುಂದಾಗಿ ತಮ್ಮ ಶಾಲೆಗೆ ಇವರ ಹೆಸರನ್ನಿಡಿಸಿದರು. ಎರಡರಲ್ಲಿ ಯಾವುದು ದೊಡ್ಡ ಗೌರವವೆಂದು ಕೇಳಿದರೆ ನಾನಂತೂ ಎರಡನೆಯದನ್ನು ಹೇಳುವೆ.

ಪೇಜ್ ಅವರ ಒಂದು ಕೈಯ ಕಿರುಬೆರಳು ಆಟದಲ್ಲಿ ಕೀಲುತಪ್ಪಿ ಪಕ್ಕಕ್ಕೆ ಬಾಗಿ ನಿಂತುಬಿಟ್ಟಿದೆ. ಶಾಲೆಗೆ ಹೋದಾಗ ಮಕ್ಕಳು ಮೊದಲು ನೋಡುವುದು ಅದನ್ನೇ. ಮಗಳು ಕೇಮಿಯೊಡನೆ ಸೇರಿ ಅವರು ಆ ಬೆರಳಿನ ಮೇಲೆಯೇ ಮಕ್ಕಳಿಗೊಂದು ಪುಸ್ತಕ ಬರೆದು ೨೦೧೩ರಲ್ಲಿ ಪ್ರಕಟಿಸಿದ್ದಾರೆ. ಆಟ ಕೊಟ್ಟ ಗಾಯವನ್ನೂ ಅವರು ಪಾಠಕ್ಕೆ ಬಳಸಿಕೊಂಡರು.

ಕಲಿತವನ ಋಣ

೧೯೮೮ರಲ್ಲಿ ಕೀರ್ತಿಮಂದಿರದ ಗೌರವ ಬಂದಾಗ ನಡೆದುದನ್ನು ವಿಶೇಷವಾಗಿ ಹೇಳಬೇಕು. ಗೌರವ ಪಡೆಯುವ ಆಟಗಾರನನ್ನು ಸಭೆಗೆ ಪರಿಚಯಿಸಲು ಸಾಮಾನ್ಯವಾಗಿ ಹಳೆಯ ತರಬೇತುದಾರರನ್ನೋ ಜೊತೆ ಆಟಗಾರರನ್ನೋ ಕರೆಯುವುದು ರೂಢಿ. ಪೇಜ್ ಆರಿಸಿಕೊಂಡದ್ದು ಮಿನ್ನಿಯಾಪೊಲಿಸ್‌ನ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ವಿಲರೀನ್ ಬೀಸ್ಲಿ ಅವರನ್ನು. ಆ ದಿನ ಅವರು ಮಾತನಾಡಿದ್ದು ಗೆದ್ದ ಪಂದ್ಯಗಳ ಬಗ್ಗೆಯಲ್ಲ. ಮಕ್ಕಳ ವಿದ್ಯಾಭ್ಯಾಸದ ಬಗ್ಗೆ.

ಅದೇ ವರ್ಷ ಪೇಜ್ ದಂಪತಿಗಳು ಒಂದು ವಿದ್ಯಾನಿಧಿಯನ್ನು ಸ್ಥಾಪಿಸಿದರು. ಮಿನ್ನೆಸೋಟದ ಬಿಳಿಯರಲ್ಲದ ಜನಾಂಗಗಳ ಮಕ್ಕಳಿಗೆ ಕಾಲೇಜು ಓದಲು ಅದು ಸಹಾಯಧನ ಕೊಡುತ್ತದೆ. ಆದರೆ ಒಂದು ಷರತ್ತುಂಟು. ಹಣ ಪಡೆದ ವಿದ್ಯಾರ್ಥಿ ಗೊತ್ತಾದಷ್ಟು ಗಂಟೆಗಳ ಕಾಲ ತನಗಿಂತ ಚಿಕ್ಕ ಮಕ್ಕಳೊಡನೆ ಕುಳಿತು ಅವರ ಓದಿಗೆ ನೆರವಾಗಬೇಕು. ಹಣದ ಋಣವನ್ನು ಹಣದಿಂದಲ್ಲ, ಅಕ್ಷರದಿಂದ ತೀರಿಸಬೇಕು. ಪುಟ್ಟ ಮಗು ತನ್ನಂಥದೇ ಮನೆಯಿಂದ ಬಂದ ಅಣ್ಣನೊಬ್ಬ ಕಾಲೇಜು ಓದುವುದನ್ನು ಕಣ್ಣಾರೆ ಕಂಡರೆ, ತಾನೂ ಓದಬಹುದೆಂಬ ಧೈರ್ಯ ಅದಕ್ಕೆ ಬರುತ್ತದೆ. ಹೀಗೆ ಸಾವಿರಾರು ಮಂದಿ ಓದಿದ್ದಾರೆ, ಓದಿಸಿದ್ದಾರೆ. ಡಯಾನ್ ೨೦೧೮ರಲ್ಲಿ ತೀರಿಕೊಂಡರು.

೨೦೨೦ರಲ್ಲಿ ಪೇಜ್ ಇನ್ನೊಂದು ಪ್ರಯತ್ನಕ್ಕೆ ಕೈಹಾಕಿದರು. ಕಾಶ್ಮೀರದಿಂದ ಹೋಗಿ ನೆಲಸಿದ ತಂದೆತಾಯಿಗಳ ಮಗ, ಅಲ್ಲಿನ ಕೇಂದ್ರ ಬ್ಯಾಂಕಿನ ಮಿನ್ನಿಯಾಪೊಲಿಸ್ ಶಾಖೆಯ ಅಧ್ಯಕ್ಷ ನೀಲ್ ಕಶ್ಕರಿ ಅವರೊಡನೆ ಸೇರಿ, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕೆಂದು ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೆಂದು ಮುಂದಿಟ್ಟರು. ಅದರ ಮೇಲೆ ಪರವಿರೋಧ ಚರ್ಚೆ ಬಹಳ ನಡೆಯಿತು. ನಮ್ಮ ದೇಶದಲ್ಲಿ ೨೦೦೨ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಸಂವಿಧಾನದಲ್ಲೇ ಮೂಲಭೂತ ಹಕ್ಕಾಗಿದೆ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ. ಬರೆದುದನ್ನು ನಡೆಸಿ ತೋರಿಸುವ ಹೊಣೆ ಮಾತ್ರ ನಮ್ಮ ಮೇಲೆ ಇನ್ನೂ ಉಳಿದಿದೆ.

ಉಪಸಂಹಾರ

ಹಾಗಾದರೆ ಆಟ ಮೇಲೋ, ಪಾಠ ಮೇಲೋ? ಪೇಜ್ ಅವರ ಬದುಕನ್ನು ಓದಿದ ಮೇಲೆ ನನಗೆ ಪ್ರಶ್ನೆಯೇ ತಪ್ಪೆಂದು ತೋರುತ್ತದೆ. ಆಟ ಅವರಿಗೆ ಹಣ ಕೊಟ್ಟಿತು, ಹೆಸರು ಕೊಟ್ಟಿತು, ಗೋಡೆಗೆ ಹೆದರದ ಗುಣವನ್ನು ಬಲಗೊಳಿಸಿತು. ಆದರೆ ಅದೇ ಆಟ ತೂಕ ಇಳಿದ ದಿನ ನೂರು ಡಾಲರಿಗೆ ಮಾರಿತು. ಓದು ಮಾತ್ರ ಅವರನ್ನು ಎಂದೂ ಕೈಬಿಡಲಿಲ್ಲ. ಎಲ್ಲ ಆಟಗಾರರೂ ನ್ಯಾಯಾಧೀಶರಾಗಲಾರರು, ನಿಜ. ಆದರೆ ಬಯಲಿನಿಂದ ಹೊರಬಂದ ಮೇಲೂ ಮನುಷ್ಯನಿಗೆ ನಲವತ್ತು ವರ್ಷದ ಬಾಳುವೆ ಇರುತ್ತದೆ ಎಂಬುದನ್ನು ಆಟಗಾರನೂ ಅವನಿಗೆ ಚಪ್ಪಾಳೆ ತಟ್ಟುವವರೂ ನೆನಪಿಟ್ಟರೆ ಸಾಕು.

ಕೊನೆಯದಾಗಿ ಸಹಪಾಠಿ ಮಿತ್ರರಲ್ಲಿ ಒಂದು ಬಿನ್ನಹ. ನಮ್ಮ ಕಬಡ್ಡಿ ತಂಡದಲ್ಲಿ ಮೊದಲ ವರ್ಷದ ಇಬ್ಬರು ಹುಡುಗರು ಇಂಗ್ಲಿಷಿನಲ್ಲಿ ಹಿಂದುಳಿದಿದ್ದಾರೆ. ಇಬ್ಬರೂ ಹಿಡಿತದಲ್ಲಿ ಗಟ್ಟಿಗರು. ಪುಸ್ತಕ ಬಿಚ್ಚಿದರೆ ಮಾತಿಲ್ಲ. ಈ ಎರಡು ತಿಂಗಳಿಂದ ಸಂಜೆಯ ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ನಾವು ಮೂವರು ಬಯಲಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಓದುತ್ತೇವೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ಕಲಿಸುವ ನೆಪದಲ್ಲಿ ನಾನೂ ಕಲಿಯುತ್ತಿದ್ದೇನೆ. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಹಾಕಿ, ವಾಲಿಬಾಲ್, ಕಬಡ್ಡಿ ಯಾವ ತಂಡವೇ ಆಗಲಿ, ಹಿರಿಯರು ಕಿರಿಯರೊಡನೆ ಹೀಗೆ ಅರ್ಧ ಗಂಟೆ ಕುಳಿತುಕೊಳ್ಳುವ ಪದ್ಧತಿಯನ್ನು ಮುಂದುವರಿಸಿದರೆ ಈ ಲೇಖನ ಬರೆದದ್ದು ಸಾರ್ಥಕ.

ನಮ್ಮಪ್ಪನಿಗೆ ಈ ಕಥೆಯನ್ನೆಲ್ಲ ದಸರಾ ರಜೆಯಲ್ಲಿ ಹೇಳಿದೆ. ಕೊನೆಯವರೆಗೂ ಕೇಳಿ, "ಆ ನೂರು ಡಾಲರಿಗೆ ಮಾರಿದವರು ಆಮೇಲೆ ಅವನ ಕೋರ್ಟಿಗೆ ಬಂದ್ರೇನೋ?" ಎಂದು ಕೇಳಿ ನಕ್ಕರು. ಬಿ.ಎ.ಯಿಂದ ಏನು ಬರುತ್ತದೆ ಎಂದು ಮಾತ್ರ ಈ ಸಲ ಕೇಳಲಿಲ್ಲ.

— ಅಂತಿಮ ಬಿ.ಎ. ವಿದ್ಯಾರ್ಥಿ